ಚಾಕುವಿನ ಹಿಡಿಗೆ ದಾರ: ಎಲ್ಲಿ ಬೇಕು, ಎಲ್ಲಿ ಬೇಡ

ಪ್ರಶ್ನೆ: ಸರ್, ಟ್ರೆಕ್ಕಿಂಗ್, ಕ್ಯಾಂಪಿಂಗ್‌ಗೆ ಅಂತ ಮಡಚದ ಚಾಕು ಒಂದನ್ನು ತಗೊಂಡಿದ್ದೇನೆ. ಅಲಗು ನಾಲ್ಕು ಇಂಚು. ಹಿಡಿಯ ತುದಿಯಲ್ಲಿ ಒಂದು ತೂತಿದೆ. ಅಂಗಡಿಯವರು ಅದಕ್ಕೆ ಪ್ಯಾರಾಕಾರ್ಡ್ ಕಟ್ಟಿ, ಹಿತ್ತಾಳೆ ಮಣಿ ಹಾಕಿ, ‘ಕೈಗೆ ಸಿಕ್ಕಿಸಿಕೊಂಡು ಕೆಲಸ ಮಾಡಿ, ಬೀಳಲ್ಲ’ ಅಂದರು. ಕಾಡಲ್ಲಿ ಸಿಕ್ಕಿಹಾಕಿಕೊಂಡರೆ ಈ ದಾರ ಬಿಚ್ಚಿ ಬಳಸಬಹುದು ಅಂತಲೂ ಹೇಳಿದರು. ಅಡಿಕೆ ತೋಟ ನೋಡಿಕೊಳ್ಳುವ ನಮ್ಮ ಸೋದರಮಾವ ಅದನ್ನು ನೋಡಿ ‘ಕತ್ತಿಗೆ ದಾರ ಕಟ್ಟಬಾರದು, ಮೊದಲು ಬಿಚ್ಚು’ ಅಂತಾರೆ. ಯಾರ ಮಾತು ಕೇಳಲಿ? ಈ ಲ್ಯಾನ್ಯಾರ್ಡ್‌ನಿಂದ ನಿಜವಾಗಿ ಉಪಯೋಗ ಇದೆಯಾ, ಇಲ್ಲ ಸುಮ್ನೆ ಶೋಕಿನಾ?

ಉತ್ತರ: ಉಪಯೋಗ ಖಂಡಿತ ಇದೆ. ಆದರೆ ಅಂಗಡಿಯವರು ಹೇಳಿದ ರೀತಿಯಲ್ಲಿ ಅಲ್ಲ. ದಾರ ಇರಲಿ, ಆದರೆ ಅದನ್ನು ಮಣಿಕಟ್ಟಿಗೆ ಹಾಕಿಕೊಳ್ಳಬೇಡಿ. ನಿಮ್ಮ ಮಾವನ ಮಾತು ಅವರ ಕತ್ತಿಗೆ ಪೂರ್ತಿ ಸರಿ, ನಿಮ್ಮ ಚಾಕುವಿಗೆ ಅರ್ಧ ಸರಿ.

ದಾರ ಕಟ್ಟಬೇಕೋ ಬೇಡವೋ ಅನ್ನುವುದಕ್ಕೆ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು. ಚಾಕು ಈಗ ಕೈಜಾರಿದರೆ ಎಲ್ಲಿಗೆ ಹೋಗುತ್ತದೆ ಅಂತ ನೋಡಿಕೊಳ್ಳಿ. ಕಾಲಿನಿಂದ ದೂರ, ಮುಂದಿನ ನೆಲಕ್ಕೆ ಬೀಳುವ ಹಾಗಿದ್ದರೆ ಬೀಳಲಿ ಬಿಡಿ. ಬಗ್ಗಿ ಎತ್ತಿಕೊಂಡರೆ ಮುಗಿಯಿತು. ಅಲ್ಲಿ ದಾರದಿಂದ ತೊಂದರೆಯೇ ಜಾಸ್ತಿ. ಕೈಜಾರಿದರೆ ನೀರು ಪಾಲಾಗುತ್ತದೆ, ಇಲ್ಲವೇ ಕೆಳಗೆ ನಿಂತವರ ತಲೆ ಮೇಲೆ ಬೀಳುತ್ತದೆ ಅನ್ನುವ ಕಡೆ ಮಾತ್ರ ಚಾಕುವನ್ನು ಕಟ್ಟಿಕೊಳ್ಳಲೇಬೇಕು. ಅಲ್ಲೂ ಸೊಂಟಕ್ಕೆ ಕಟ್ಟಬೇಕು, ಕೈಗಲ್ಲ.

ಈ ತೂತು, ದಾರ ಎಲ್ಲಾ ಈಗಿನವರು ಹುಟ್ಟುಹಾಕಿದ್ದಲ್ಲ. ಹಾಯಿಹಡಗಿನ ಕಾಲದ ನಾವಿಕರು ಕಂಬದ ಮೇಲೆ ಹತ್ತಿ ಹಗ್ಗ ಕೊಯ್ಯುವಾಗ ಚಾಕು ಜಾರಿದರೆ ಒಂದೋ ಡೆಕ್ ಮೇಲಿನ ಜೊತೆಗಾರನಿಗೆ ಚುಚ್ಚುತ್ತಿತ್ತು, ಇಲ್ಲ ಸಮುದ್ರಕ್ಕೆ ಹೋಗುತ್ತಿತ್ತು. ಹಾಗಾಗಿ ಚಾಕುವಿಗೆ ಹುರಿ ಕಟ್ಟಿ, ಅದರ ಇನ್ನೊಂದು ತುದಿಯನ್ನು ಸೊಂಟಕ್ಕೋ ಕುತ್ತಿಗೆಗೋ ಹಾಕಿಕೊಳ್ಳುತ್ತಿದ್ದರು. ಎರಡು ಮಹಾಯುದ್ಧಗಳಲ್ಲಿ ಬ್ರಿಟಿಷ್ ಸೈನಿಕರಿಗೆ ಕೊಟ್ಟ ಮಡಚುವ ಚಾಕುವಿನ ತುದಿಯಲ್ಲೂ ದಾರ ಕಟ್ಟಲು ಲೋಹದ ಕುಣಿಕೆ ಇತ್ತು. ಈಗಲೂ ಹಾಯಿಹಡಗಿನ ಕಂಬ ಹತ್ತುವವರು ಕೈಯಲ್ಲಿರುವ ಪ್ರತಿಯೊಂದು ಸಾಮಾನನ್ನೂ ಮೈಗೆ ಕಟ್ಟಿಕೊಂಡೇ ಮೇಲೆ ಹೋಗುತ್ತಾರೆ.

ಎತ್ತರದ ವಿಷಯ ಎಷ್ಟು ಗಂಭೀರ ಅಂತ ಒಂದು ಲೆಕ್ಕ ನೋಡಿ. ಹತ್ತು ಮೀಟರ್ ಎತ್ತರದಿಂದ ಬಿದ್ದ ಚಾಕು ನೆಲ ಮುಟ್ಟುವಾಗ ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿರುತ್ತದೆ. ಫಸಲಿಗೆ ಬಂದ ಅಡಿಕೆ ಮರ ಎಷ್ಟೋ ಸಲ ಅದಕ್ಕಿಂತ ಎತ್ತರ. ಕೆಳಗೆ ಕೊನೆ (ಅಡಿಕೆ ಗೊನೆ) ಹಿಡಿಯುವವರು, ಅಡಿಕೆ ಹೆಕ್ಕುವವರು ಇರುತ್ತಾರೆ. ಕರಾವಳಿ, ಮಲೆನಾಡಿನಲ್ಲಿ ಕತ್ತಿ ಸಿಕ್ಕಿಸಲು ಸೊಂಟಕ್ಕೆ ಮರದ ಕೊಕ್ಕೆ ಕಟ್ಟಿಕೊಳ್ಳುವುದನ್ನು ನೀವು ನೋಡಿರುತ್ತೀರಿ. ನನ್ನ ಪ್ರಕಾರ ಯಾವ ಲ್ಯಾನ್ಯಾರ್ಡ್‌ಗಿಂತಲೂ ಅದು ಒಳ್ಳೆಯ ಏರ್ಪಾಡು. ಕೆಲಸ ಇಲ್ಲದಾಗ ಕತ್ತಿ ಬೆನ್ನ ಹಿಂದೆ, ಎರಡೂ ಕೈ ಖಾಲಿ. ಮರಕ್ಕೆ ಉಜ್ಜುವ ದಾರವಿಲ್ಲ, ಗಂಟಿಲ್ಲ.

ಬಾದಾಮಿ, ರಾಮನಗರದ ಬಂಡೆ ಹತ್ತುವವರದೂ ಹೆಚ್ಚುಕಡಿಮೆ ಇದೇ ಕಥೆ. ಅವರಿಗೆ ಚಾಕು ಬೇಕಾಗುವುದು ಅಪರೂಪ. ಬೇಕಾದಾಗ ಮಾತ್ರ ಅದು ಕೈಯಲ್ಲೇ ಇರಬೇಕು. ಅದಕ್ಕೇ ಪೆಟ್ಜಲ್ ಕಂಪನಿಯ ಸ್ಪಾಥಾ ಚಾಕುವಿನಲ್ಲಿ ಕ್ಯಾರಬೈನರ್ (ಹಗ್ಗ ಸಿಕ್ಕಿಸುವ ಲೋಹದ ಕೊಂಡಿ) ತೂರಿಸುವಷ್ಟು ದೊಡ್ಡ ತೂತು ಇದೆ. ಅದನ್ನು ಮಡಚಿ, ಹತ್ತುವಾಗ ಸೊಂಟ, ತೊಡೆಗೆ ಬಿಗಿದುಕೊಳ್ಳುವ ಪಟ್ಟಿ, ಅಂದರೆ ಹಾರ್ನೆಸ್‌ಗೇ ನೇತುಹಾಕಿಕೊಳ್ಳುತ್ತಾರೆ. ಬಂಡೆಯ ಮೇಲೆ ಬಿಚ್ಚಿದ ಚಾಕು ದಾರದಲ್ಲಿ ಜೋಲಾಡುವುದು ಮಾತ್ರ ಬೇಡವೇ ಬೇಡ. ಭಾರ ಹೊತ್ತು ಬಿಗಿಯಾಗಿ ನಿಂತ ಹಗ್ಗಕ್ಕೆ ಹರಿತ ಬಾಯಿ ತಾಗಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಹಗ್ಗ ತುಂಡಾಗುತ್ತದೆ.

ಈಗ ಮಣಿಕಟ್ಟಿನ ಕುಣಿಕೆಗೆ ಬರೋಣ. ಜನ ಹೆಚ್ಚಾಗಿ ಗಾಯ ಮಾಡಿಕೊಳ್ಳುವುದು ಇಲ್ಲೇ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕುಣಿಕೆ ಮಣಿಕಟ್ಟಿನಲ್ಲಿದೆ ಅಂತ ಇಟ್ಟುಕೊಳ್ಳಿ. ಒಣಗಿದ ಕೊಂಬೆಯನ್ನು ಜೋರಾಗಿ ಕಡಿಯುತ್ತಿದ್ದೀರಿ. ಕೈ ಬೆವರಿದೆ, ಹಿಡಿ ಜಾರಿತು. ದಾರ ಇಲ್ಲದಿದ್ದರೆ ಚಾಕು ಬೀಸಿದ ದಿಕ್ಕಿನಲ್ಲೇ ಮುಂದಕ್ಕೆ ಹಾರುತ್ತದೆ. ಮುಂದೆ ಯಾರೂ ಇಲ್ಲ ಅಂತ ನೋಡಿಕೊಂಡೇ ಕಡಿಯಲು ಶುರುಮಾಡಿರುತ್ತೀರಿ, ಅಲ್ವಾ? ದಾರ ಇದ್ದರೆ ಅದು ಹಾರಿಹೋಗುವುದಿಲ್ಲ. ದಾರದ ತುದಿಯಲ್ಲಿ ಗಿರ್ರನೆ ತಿರುಗಿ ವಾಪಸ್ ಬರುತ್ತದೆ. ವಾಪಸ್ ಬರುವ ದಾರಿಯಲ್ಲಿ ಇರುವುದು ನಿಮ್ಮ ಮುಂಗೈ, ತೊಡೆ, ಮೊಣಕಾಲು. ದಾರ ಉದ್ದವಾದಷ್ಟೂ ಅದು ಮುಟ್ಟುವ ಜಾಗ ಜಾಸ್ತಿ. ಅಲಗು ಭಾರವಾದಷ್ಟೂ ಗಾಯ ಆಳ. ನಿಮ್ಮ ಮಾವ ಹೇಳಿದ್ದು ಇದನ್ನೇ. ದಿನವೂ ಮಚ್ಚು, ಕತ್ತಿ ಬೀಸುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಅಪಾಯ ಇದಕ್ಕಿಂತ ಸಾಮಾನ್ಯ, ಆದರೆ ಜನ ಯೋಚಿಸುವುದಿಲ್ಲ. ಮಳೆಗಾಲದಲ್ಲಿ ಪಾಚಿ ಹಿಡಿದ ಕಲ್ಲಿನ ಮೇಲೆ ಕಾಲು ಜಾರಿತು ಅನ್ನಿ. ಬೀಳುವಾಗ ಮನುಷ್ಯ ತನ್ನಷ್ಟಕ್ಕೇ ಕೈಯಲ್ಲಿದ್ದದ್ದನ್ನು ಬಿಟ್ಟು ಅಂಗೈ ಊರುತ್ತಾನೆ. ಚಾಕು ದೂರ ಹೋಗಿ ಬೀಳುತ್ತದೆ, ಅಂಗೈ ತರಚುತ್ತದೆ, ಅಷ್ಟೇ. ಕುಣಿಕೆ ಇದ್ದರೆ ನೀವು ಬಿಟ್ಟರೂ ಚಾಕು ನಿಮ್ಮನ್ನು ಬಿಡುವುದಿಲ್ಲ. ಅಂಗೈ ಜೊತೆ ಅದೂ ನೆಲಕ್ಕೆ ಬರುತ್ತದೆ. ಮೊನೆ ಯಾವ ಕಡೆಗಿರುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಹಾಗಾಗಿ ದಾರ ಇರಲಿ ಇಲ್ಲದಿರಲಿ, ನಡೆಯುವಾಗ ಚಾಕು ಒರೆಯಲ್ಲಿರಬೇಕು. ದಾರ ಕೈಯಲ್ಲಿದೆ ಅನ್ನುವ ಧೈರ್ಯಕ್ಕೆ ಬಿಚ್ಚಿದ ಚಾಕು ಹಿಡಿದು ನಾಲ್ಕು ಹೆಜ್ಜೆ ನಡೆದುಬಿಡುತ್ತೇವೆ. ಆ ನಾಲ್ಕು ಹೆಜ್ಜೆಯೇ ಬೇಡ.

ಹಿಮಗಲ್ಲು ಹತ್ತುವವರ ಲೋಕದಲ್ಲೂ ಇಂಥದ್ದೇ ಬದಲಾವಣೆ ಆಗಿದೆ. ಮೊದಲು ಹಿಮಕ್ಕೆ ಕಚ್ಚಿಸಿ ಹತ್ತುವ ಕೊಡಲಿ, ಅಂದರೆ ಐಸ್ ಆ್ಯಕ್ಸ್‌ಗೆ ಮಣಿಕಟ್ಟಿನ ಪಟ್ಟಿ ಇಲ್ಲದೆ ಹೆಚ್ಚಿನವರು ಹತ್ತುತ್ತಿರಲಿಲ್ಲ. ಈಗ ಕಡಿದಾದ ಹಿಮಗಲ್ಲು ಹತ್ತುವವರಲ್ಲಿ ಬಹಳ ಜನ ಮಣಿಕಟ್ಟನ್ನು ಬಿಟ್ಟು ಹಾರ್ನೆಸ್‌ನಿಂದ ಎಲಾಸ್ಟಿಕ್ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಕೈ ಬಿಡುವಾಗಿರುತ್ತದೆ, ಸಾಮಾನೂ ಕಳೆಯುವುದಿಲ್ಲ.

ಹಾಗಾದರೆ ದೊಡ್ಡ ಮಚ್ಚು ಬೀಸುವಾಗ ದಾರವೇ ಬೇಡವಾ ಅಂದರೆ, ಒಂದು ಸರಿಯಾದ ವಿಧಾನ ಇದೆ. ದಾರದ ಕುಣಿಕೆಯನ್ನು ಹೆಬ್ಬೆರಳಿಗೆ ಮಾತ್ರ ನೇತುಹಾಕಿ. ಮಣಿಕಟ್ಟಿಗೆ ಬೇಡ. ಮಚ್ಚು ಅಂಗೈಯ ಹಿಂಬದಿಗೆ ಜೋತುಬೀಳಲಿ. ಈಗ ಕೈ ತಿರುಗಿಸಿ ಹಿಡಿಯನ್ನು ಹಿಡಿದುಕೊಳ್ಳಿ. ದಾರ ಹೆಬ್ಬೆರಳಿನ ಬುಡದಿಂದ ಹೊರಟು, ಕೈಯ ಹಿಂಬದಿಯನ್ನು ದಾಟಿ, ಕಿರುಬೆರಳಿನ ಕಡೆಯಿಂದ ಹಿಡಿಯ ತೂತಿಗೆ ಬಂದಿರುತ್ತದೆ. ಉದ್ದ ಸರಿಯಾಗಿದ್ದರೆ ಹಿಡಿಯ ತುದಿ ಅಂಗೈಯ ಕೆಳ ಅಂಚಿಗೆ ಬಂದು ನಿಲ್ಲುತ್ತದೆ. ಮುಷ್ಟಿ ಸ್ವಲ್ಪ ಸಡಿಲಾದರೂ ದಾರ ಕೈಯ ಹಿಂಬದಿಯನ್ನು ಒತ್ತಿ ಹಿಡಿ ಜಾರದಂತೆ ತಡೆಯುತ್ತದೆ. ಬೆರಳು ಪೂರ್ತಿ ಬಿಚ್ಚಿದರೆ ಕುಣಿಕೆ ಹೆಬ್ಬೆರಳಿನಿಂದ ಕಳಚಿ, ಮಚ್ಚು ಬಿದ್ದುಹೋಗುತ್ತದೆ. ಬೇಕಾಗಿರುವುದೂ ಇದೇ. ಬಳಸುವ ಮೊದಲು ಮನೆ ಅಂಗಳದಲ್ಲಿ ಒರೆ ಹಾಕಿದ ಮಚ್ಚಿನಲ್ಲೇ ಹತ್ತಾರು ಸಲ ಹಾಕಿ, ಬಿಚ್ಚಿ ನೋಡಿ. ಬೆರಳು ಬಿಚ್ಚಿದರೂ ಕಳಚುತ್ತಿಲ್ಲ ಅಂದರೆ ದಾರ ಗಿಡ್ಡವಾಯಿತು ಅಂತ ಅರ್ಥ.

ಆದರೂ ತೋಟದ ಕತ್ತಿಗೆ ಇದರ ಅಗತ್ಯ ನನಗೆ ಕಂಡಿಲ್ಲ. ಒಳ್ಳೆಯ ಕತ್ತಿಯ ಹಿಡಿ ತುದಿಯಲ್ಲಿ ಅಗಲವಾಗಿರುತ್ತದೆ, ಇಲ್ಲ ಕೆಳಕ್ಕೆ ಬಾಗಿರುತ್ತದೆ. ಕಿರುಬೆರಳು ಅಲ್ಲಿ ತಡೆದು ನಿಲ್ಲುತ್ತದೆ. ಹಿಡಿಯೇ ಆ ಕೆಲಸ ಮಾಡುತ್ತಿರುವಾಗ ದಾರಕ್ಕೆ ಕೆಲಸವಿಲ್ಲ. ನಿಮ್ಮ ನಾಲ್ಕಿಂಚಿನ ಚಾಕುವಿಗೂ ಹೆಬ್ಬೆರಳಿನ ಕುಣಿಕೆ ಬೇಡ. ಅದು ಬೀಸಿ ಕಡಿಯುವ ಚಾಕುವೇ ಅಲ್ಲ. ಹೆರೆಯಲು, ಕೊಯ್ಯಲು, ಸೀಳಲು ಇರುವುದು.

ನೀರಿನ ವಿಷಯ ಬೇರೆ. ಅಲ್ಲೂ ಎರಡು ಬಗೆ ಇದೆ.

ನಿಂತ ನೀರು, ನಿಧಾನ ಹರಿಯುವ ನೀರು ಅಂದರೆ ಚಾಕು ಕಟ್ಟಿಕೊಳ್ಳಿ. ತೆಪ್ಪದಲ್ಲಿ ಕೂತು ಗಾಳ ಹಾಕುವಾಗ, ಹಿನ್ನೀರಿನಲ್ಲಿ ದೋಣಿಯಿಂದ ಬಲೆ ಬಿಡಿಸುವಾಗ ಜಾರಿದ ಚಾಕು ಮತ್ತೆ ಸಿಗುವುದಿಲ್ಲ. ಬೆಲ್ಟ್‌ಗೋ ಲೈಫ್ ಜಾಕೆಟ್‌ಗೋ ಒಂದು ತುದಿ, ಚಾಕುವಿಗೆ ಇನ್ನೊಂದು ತುದಿ. ಕೈ ಪೂರ್ತಿ ಚಾಚಿದಾಗ ಎಳೆಯಬಾರದು, ಅದಕ್ಕಿಂತ ಉದ್ದವೂ ಬೇಡ. ನಿಮ್ಮ ಮೈಮೇಲೆ ಅಳೆದೇ ಕತ್ತರಿಸಿ. ಕೆಲವರು ದಾರದ ತುದಿಗೆ ಬೆಂಡಿನ ಚೆಂಡು ಹಾಕುತ್ತಾರೆ, ಚಾಕು ತೇಲಲಿ ಅಂತ. ಒಳ್ಳೆಯ ಯೋಚನೆ. ಆದರೆ ಕೀಲಿಕೈಗೆ ಅಂತ ಮಾರುವ ಸಣ್ಣ ಬೆಂಡು ಚಾಕುವಿನ ಭಾರ ಎತ್ತುತ್ತದೆ ಅಂತ ನಂಬಬೇಡಿ. ಮನೆಯಲ್ಲಿ ಬಕೆಟ್ ತುಂಬಾ ನೀರು ಹಿಡಿದು, ಚಾಕು ಕಟ್ಟಿ ಬಿಟ್ಟು ನೋಡಿ.

ರಭಸದ ನೀರು ಅಂದರೆ ಮಾತು ತಿರುಗಾಮುರುಗಾ. ದಾಂಡೇಲಿಯ ಕಾಳಿ ನದಿಯ ರಾಫ್ಟಿಂಗ್‌ನಂಥ ಕಡೆ ಜೋತಾಡುವ ಯಾವ ದಾರವೂ ಮೈಮೇಲೆ ಇರಬಾರದು. ಕಲ್ಲಿನ ಸಂದಿಗೋ ನೀರೊಳಗಿನ ಕೊಂಬೆಗೋ ಕುಣಿಕೆ ಸಿಕ್ಕಿದರೆ ಹರಿವು ನಿಮ್ಮನ್ನು ಅಲ್ಲೇ ಒತ್ತಿ ಹಿಡಿಯುತ್ತದೆ. ಅದಕ್ಕೇ ರಭಸದ ನೀರಿನಲ್ಲಿ ರಕ್ಷಣೆಗೆ ಇಳಿಯುವವರು ತಮ್ಮ ಹಗ್ಗಗಳಲ್ಲೂ ಆದಷ್ಟು ಗಂಟು, ಕುಣಿಕೆ ಇಟ್ಟುಕೊಳ್ಳುವುದಿಲ್ಲ. ಅವರ ಚಾಕು ಲೈಫ್ ಜಾಕೆಟ್‌ನ ಎದೆ ಮೇಲೆ, ಗಟ್ಟಿ ಒರೆಯಲ್ಲಿ ಕೂತಿರುತ್ತದೆ. ಎಷ್ಟೋ ಚಾಕುಗಳ ಮೊನೆಯೇ ಮೊಂಡಾಗಿರುತ್ತದೆ. ಚಾಕು ಕಳೆದರೆ ಹೋಗಲಿ ಅನ್ನುವುದೇ ಅಲ್ಲಿನ ಲೆಕ್ಕ.

ಇಷ್ಟೆಲ್ಲ ಬೇಡ ಬೇಡ ಅಂದಮೇಲೆ ನಿಮ್ಮ ಚಾಕುವಿಗೆ ಯಾವ ದಾರ? ಗಿಡ್ಡ ಬಾಲ. ಏಳೆಂಟು ಸೆಂಟಿಮೀಟರ್, ಕೊನೆಯಲ್ಲಿ ಒಂದು ಗಂಟು. ಕುಣಿಕೆ ಇಲ್ಲ. ನೋಡಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಕ್ಯಾಂಪಿನಲ್ಲಿ ದಿನಕ್ಕೆ ಹತ್ತಾರು ಸಲ ಕೆಲಸಕ್ಕೆ ಬರುವುದು ಇದೇ.

ಈಗಿನ ಚಾಕುಗಳ ಗಟ್ಟಿ ಪ್ಲಾಸ್ಟಿಕ್ ಒರೆ ತುಂಬಾ ಬಿಗಿ ಇರುತ್ತದೆ. ಕೆಲವು ಚರ್ಮದ ಒರೆಗಳಲ್ಲಿ ಹಿಡಿ ಅರ್ಧಕ್ಕಿಂತ ಜಾಸ್ತಿ ಒಳಗೇ ಇರುತ್ತದೆ. ಮಳೆಯಲ್ಲಿ ನೆನೆದ ಕೈಗೆ, ಹಿಮಾಲಯದ ಚಳಿಗಾಲದ ಟ್ರೆಕ್‌ನಲ್ಲಿ ದಪ್ಪ ಗ್ಲೌಸ್ ಹಾಕಿದ ಕೈಗೆ ಬಾಲ ಸಿಕ್ಕಿದಷ್ಟು ಸುಲಭವಾಗಿ ಹಿಡಿ ಸಿಗುವುದಿಲ್ಲ. ಬಾಲ ಹಿಡಿದು ಚಾಕುವನ್ನು ಒಂದು ಬೆರಳಿನಷ್ಟು ಮೇಲಕ್ಕೆ ಎಳೆಯಿರಿ. ಅಲ್ಲಿಂದ ಮುಂದೆ ಹಿಡಿಯನ್ನೇ ಹಿಡಿಯಬೇಕು. ಪೂರ್ತಿ ಬಾಲದಿಂದಲೇ ಎಳೆದರೆ ಒರೆ ಬಿಟ್ಟ ಕ್ಷಣ ಅಲಗು ಹೊರಳುತ್ತದೆ. ಒರೆ ಹಿಡಿದ ಎಡಗೈಯ ಬೆರಳು ಚಾಕುವಿನ ಬಾಯಿಯ ಕಡೆ ಸುತ್ತಿರದ ಹಾಗೆಯೂ ನೋಡಿಕೊಳ್ಳಿ.

ಹಿಡಿ ಗಿಡ್ಡವಾಗಿರುವ ಚಾಕುವಿಗಂತೂ ಬಾಲ ಇನ್ನೂ ಉಪಯೋಗಿ. ಮೂರು ಬೆರಳಿಗೆ ಮಾತ್ರ ಜಾಗವಿರುವ ಸಣ್ಣ ಚಾಕುಗಳಿರುತ್ತವೆ. ಕಿರುಬೆರಳು ಗಾಳಿಯಲ್ಲಿರುತ್ತದೆ, ಜೋರು ಕೊಟ್ಟಾಗ ಹಿಡಿ ಅಂಗೈಯೊಳಗೆ ತಿರುಗುತ್ತದೆ. ಒಂದೆರಡು ಗಂಟು ಹಾಕಿದ ದಪ್ಪ ಬಾಲವನ್ನು ಅಂಗೈಯೊಳಗೆ ಮಡಚಿ ಕಿರುಬೆರಳಿನಿಂದ ಒತ್ತಿಕೊಂಡರೆ ಹಿಡಿತವೇ ಬದಲಾಗುತ್ತದೆ. ಕೆತ್ತನೆ ಕೆಲಸ ಮಾಡುವವರು ಒಮ್ಮೆ ಮಾಡಿ ನೋಡಿ, ಗೊತ್ತಾಗುತ್ತದೆ. ನಿಮ್ಮ ಚಾಕುವಿನ ಹಿಡಿಯಲ್ಲಿ ನಾಲ್ಕೂ ಬೆರಳು ಕೂರುತ್ತವೆ ಅಂದರೆ ಇದರ ಚಿಂತೆ ಬೇಡ.

ಬಣ್ಣದ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಅಂಗಡಿಯಲ್ಲಿ ಸಿಗುವುದೆಲ್ಲ ಕಪ್ಪು, ಇಲ್ಲ ಮಿಲಿಟರಿ ಹಸಿರು. ಚಾಕುವಿನ ಹಿಡಿಯೂ ಅದೇ ಬಣ್ಣ. ಪಶ್ಚಿಮ ಘಟ್ಟದ ತರಗೆಲೆ ಮೇಲೆ ಅದನ್ನು ಇಟ್ಟು ಈ ಕಡೆ ತಿರುಗಿ ಆ ಕಡೆ ನೋಡಿದರೆ ಚಾಕು ಮಾಯ. ಕಳೆಯುವುದಷ್ಟೇ ಅಲ್ಲ, ಕಾಣದ ಚಾಕುವಿನ ಮೇಲೆ ಯಾರೋ ಕೂರುತ್ತಾರೆ, ಇಲ್ಲ ಕಾಲಿಡುತ್ತಾರೆ. ಹಾಗಾಗಿ ಬಾಲ ಎದ್ದು ಕಾಣಲಿ. ಕೆಂಪು ಬೇಡ. ಹಗಲಲ್ಲಿ ಚೆನ್ನಾಗಿ ಕಂಡರೂ ಸಂಜೆ ಬೆಳಕು ಇಳಿದಂತೆ ನಮ್ಮ ಕಣ್ಣಿಗೆ ಎಲ್ಲಕ್ಕಿಂತ ಮೊದಲು ಕಪ್ಪಾಗುವುದು ಕೆಂಪು. ಕೆಂಪು ಹಸಿರಿನ ವ್ಯತ್ಯಾಸ ಕಾಣದವರೂ ಜೊತೆಯಲ್ಲಿರಬಹುದು. ಹೊಳೆಯುವ ಹಳದಿ ಅಥವಾ ತಿಳಿ ಕಿತ್ತಳೆ ತಗೊಳ್ಳಿ. ಟಾರ್ಚ್ ಬೆಳಕಿಗೆ ಮಿನುಗುವ ಎಳೆ ಹೆಣೆದ ದಾರ ಸಿಕ್ಕಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಹಿತ್ತಾಳೆ ಮಣಿ ತೆಗೆದುಬಿಡಿ. ಹೆರೆಯುವಾಗ ಅದು ಮಣಿಕಟ್ಟಿಗೆ ಬಡಿಯುತ್ತಿರುತ್ತದೆ, ನಡೆಯುವಾಗ ಒರೆಗೆ ಟಕಟಕ ತಾಗುತ್ತದೆ. ಹಕ್ಕಿ ನೋಡಲು ಹೋದವರಿಗೆ ಆ ಸದ್ದೇ ಸಾಕು ಹಕ್ಕಿ ಹಾರಿಸಲು.

ಇನ್ನು ‘ಕಾಡಲ್ಲಿ ಬಿಚ್ಚಿ ಬಳಸಬಹುದು’ ಅನ್ನುವ ಮಾತು. ಪ್ಯಾರಾಕಾರ್ಡ್ ಒಳ್ಳೆಯ ದಾರ, ಅದರಲ್ಲಿ ಎರಡು ಮಾತಿಲ್ಲ. ಪ್ಯಾರಾಶೂಟ್‌ಗೆ ಅಂತ ಮಾಡಿದ ನೈಲಾನ್ ದಾರ ಅದು. 550 ಅಂತ ಕರೆಯುವ ಬಗೆ 550 ಪೌಂಡ್, ಅಂದರೆ ಸುಮಾರು 250 ಕಿಲೋ ಎಳೆತ ತಡೆಯಬೇಕು. ಹೆಣೆದ ಹೊರಕವಚದ ಒಳಗೆ ಸಾಮಾನ್ಯವಾಗಿ 7 ಎಳೆ. ಒಂದೊಂದನ್ನೂ ಬಿಡಿಸಿದರೆ ಇನ್ನೂ ಸಣ್ಣ ಎರಡು ಮೂರು ನೂಲು ಸಿಗುತ್ತವೆ. ಹರಿದ ಬ್ಯಾಗ್ ಹೊಲಿಯಬಹುದು, ಶೂ ಲೇಸ್ ಮಾಡಿಕೊಳ್ಳಬಹುದು. ಆದರೆ ಚಾಕುವಿನ ಬಾಲದಲ್ಲಿ ಇರುವುದು ಒಂದು ಮೊಳದೊಳಗಿನ ದಾರ. ಅದರಲ್ಲಿ ಟಾರ್ಪಾಲಿನ್‌ನ ಒಂದು ಮೂಲೆಯನ್ನೂ ಕಟ್ಟಲಾಗುವುದಿಲ್ಲ. ದಪ್ಪ ಹೆಣಿಗೆ ಹಾಕಿದರೆ ಜಾಸ್ತಿ ದಾರ ಹಿಡಿಯುತ್ತದೆ ನಿಜ, ಒಂದು ಇಂಚು ಹೆಣಿಗೆಗೆ ಹೆಚ್ಚುಕಡಿಮೆ ಒಂದು ಅಡಿ. ಆದರೆ ಮಳೆಯಲ್ಲಿ ನೆನೆದು ಬಿಗಿದ ಆ ಹೆಣಿಗೆಯನ್ನು ಮರಗಟ್ಟಿದ ಬೆರಳಲ್ಲಿ ಬಿಚ್ಚುತ್ತಾ ಕೂರುವುದನ್ನು ಊಹಿಸಿಕೊಳ್ಳಿ. ಐದಾರು ಮೀಟರ್ ದಾರವನ್ನು ಬೇರೆಯಾಗಿ ಸುತ್ತಿ ಬ್ಯಾಗಿನಲ್ಲಿಡಿ. ಭಾರ ಗೊತ್ತೇ ಆಗುವುದಿಲ್ಲ. ಇನ್ನೊಂದು ನೆನಪಿರಲಿ, 250 ಕಿಲೋ ತಡೆಯುತ್ತದೆ ಅಂತ ಮನುಷ್ಯರನ್ನು ಇಳಿಸಲು, ಎಳೆಯಲು ಈ ದಾರ ಖಂಡಿತ ಬಳಸಬಾರದು. ಗಂಟು ಹಾಕಿದ ಕಡೆ ಆ ಬಲ ಇರುವುದಿಲ್ಲ, ಕಲ್ಲಿನ ಅಂಚಿಗೆ ಉಜ್ಜಿದರೆ ಮುಗಿದೇಹೋಯಿತು.

ಚಾಕುವನ್ನು ಕೋಲಿಗೆ ಕಟ್ಟಿ ಈಟಿ ಮಾಡುವ ವಿಡಿಯೊ ನೋಡಿದ್ದರೆ ಅದನ್ನು ಮರೆತುಬಿಡಿ. ನಿಮ್ಮ ಹತ್ತಿರ ಇರುವ ಒಂದೇ ಒಳ್ಳೆಯ ಚಾಕುವನ್ನು ಎಸೆಯುವ ವಸ್ತು ಮಾಡುವುದು ಯಾವ ಆಪತ್ತಿನಲ್ಲೂ ಬೇಡ. ಕೋಲಿನ ತುದಿಯನ್ನೇ ಚಾಕುವಿನಿಂದ ಚೂಪು ಮಾಡಿಕೊಳ್ಳಬಹುದಲ್ಲ.

ಕುತ್ತಿಗೆಗೆ ಚಾಕು ನೇತುಹಾಕಿಕೊಳ್ಳುವವರು ಗಟ್ಟಿ ದಾರ ಬಳಸಲೇಬಾರದು. ಕೊಂಬೆಗೆ ಸಿಕ್ಕಿ ಕಾಲು ಜಾರಿದರೆ 250 ಕಿಲೋ ತಡೆಯುವ ದಾರ ಕುತ್ತಿಗೆಯನ್ನು ಬಿಡುವುದಿಲ್ಲ. ಸಣ್ಣ ಗುಂಡುಗಳ ಲೋಹದ ಸರ ಬರುತ್ತದಲ್ಲ, ಜೋರಾಗಿ ಎಳೆದರೆ ಕಿತ್ತುಬರುವಂಥದ್ದು, ಅದು ಪರವಾಗಿಲ್ಲ. ಆಫೀಸಿನ ಐಡಿ ಕಾರ್ಡ್ ಪಟ್ಟಿಗಳಲ್ಲಿ ಕೆಲವಕ್ಕೆ ಕುತ್ತಿಗೆಯ ಹಿಂದೆ ಎಳೆದರೆ ಬಿಚ್ಚಿಕೊಳ್ಳುವ ಪ್ಲಾಸ್ಟಿಕ್ ಕ್ಲಿಪ್ ಇರುತ್ತದೆ, ಅದೂ ಆಗಬಹುದು.

ಬಾಲ ತೊಂದರೆ ಕೊಡುವ ಕೆಲಸಗಳೂ ಇವೆ. ಚಾಕುವಿನ ಬೆನ್ನಿಗೆ ಕೋಲಿನಿಂದ ಹೊಡೆದು ಸೌದೆ ಸೀಳುವಾಗ ದಾರ ಅಡ್ಡ ಬರುತ್ತದೆ. ಅದನ್ನು ಹಿಡಿಯ ಜೊತೆ ಅಂಗೈಯೊಳಗೆ ಸೇರಿಸಿಕೊಳ್ಳಿ. ಒಲೆ ಹತ್ತಿರ ಎಚ್ಚರ. ನೈಲಾನ್ 220ರಿಂದ 260 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ, ಕರಗಿದ ಹನಿ ಚರ್ಮಕ್ಕೆ ಅಂಟಿದರೆ ಬೊಬ್ಬೆ ಏಳುತ್ತದೆ. ಮೀನು, ಕೋಳಿ ಕೊಯ್ಯುವಾಗಲಂತೂ ದಾರ ಬಿಚ್ಚಿಡಿ. ರಕ್ತ, ಕೊಬ್ಬು ಹೆಣಿಗೆಯೊಳಗೆ ಇಳಿದರೆ ಮೇಲಿಂದ ತೊಳೆದರೆ ಹೋಗುವುದಿಲ್ಲ. ಮಾರನೇ ದಿನ ಅದೇ ಚಾಕುವಿನಲ್ಲಿ ಸೌತೆಕಾಯಿ ಹೆಚ್ಚುತ್ತೀರಿ.

ಕಾನೂನಿನ ಒಂದು ವಿಷಯ ಇಲ್ಲಿ ಬಿಡುವ ಹಾಗಿಲ್ಲ. ಸಾಮಾನ್ಯವಾಗಿ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಮನೆ, ಕೃಷಿ ಬಳಕೆಯದಕ್ಕೆ ವಿನಾಯಿತಿ ಇದೆ. ನಿಮ್ಮ ನಾಲ್ಕಿಂಚಿನದು ಆ ಅಳತೆಯೊಳಗೇ ಇದೆ. ಆದರೆ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಲೆಕ್ಕ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಅಲ್ಲಿಗೆ ಆಯುಧ ಒಯ್ಯುವ ಹಾಗಿಲ್ಲ, ಆ ಪಟ್ಟಿಯಲ್ಲಿ ಚಾಕುವಿನ ಹೆಸರೂ ಇದೆ. ಕುಮಾರ ಪರ್ವತ ಇರುವುದು ಪುಷ್ಪಗಿರಿ ಅಭಯಾರಣ್ಯದಲ್ಲಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅಂಥ ಕಡೆ ಹೋಗುವಾಗ ಚಾಕು ಮನೆಯಲ್ಲೇ ಇರಲಿ. ವಿಮಾನದಲ್ಲಾದರೆ ಚೆಕ್-ಇನ್ ಲಗೇಜಿನಲ್ಲಿ ಮಾತ್ರ.

ಈಗ ಕಟ್ಟುವ ಕೆಲಸ. ಮೊದಲು ತೂತಿನೊಳಗೆ ಬೆರಳಾಡಿಸಿ. ಅಂಚು ಒರಟಾಗಿದ್ದರೆ ಅದೇ ದಾರವನ್ನು ದಿನವೂ ಸ್ವಲ್ಪ ಸ್ವಲ್ಪ ಕೊಯ್ಯುತ್ತಿರುತ್ತದೆ. ಉಪ್ಪುಕಾಗದವನ್ನು ಕೊಳವೆ ಹಾಗೆ ಸುತ್ತಿ ಒಳಗೆ ತಿರುಗಿಸಿ ನುಣುಪು ಮಾಡಿ. ಪ್ಯಾರಾಕಾರ್ಡ್ ಸುಮಾರು 4 ಮಿಲಿಮೀಟರ್ ದಪ್ಪ, ಎರಡು ಎಳೆಯಾಗಿ ತೂರಿಸಬೇಕು. ತೂತು ಸಣ್ಣದಾಗಿ ಹೋಗುತ್ತಿಲ್ಲ ಅಂದರೆ ಒಳಗಿನ ಏಳು ಎಳೆ ಎಳೆದು ತೆಗೆದುಬಿಡಿ. ಬರಿಯ ಕವಚ ಚಪ್ಪಟೆಯಾಗಿ ಒಳಗೆ ಹೋಗುತ್ತದೆ. ಬಾಲಕ್ಕೆ ಅಷ್ಟು ಬಲ ಸಾಕು.

ಮೂವತ್ತು ಸೆಂಟಿಮೀಟರ್ ದಾರ ಕತ್ತರಿಸಿ. ನಡುವೆ ಮಡಚಿ, ಮಡಚಿದ ಕಡೆಯನ್ನು ತೂತಿನಲ್ಲಿ ತೂರಿಸಿ. ಆಚೆ ಬಂದ ಆ ಕುಣಿಕೆಯೊಳಗೆ ಎರಡೂ ತುದಿಗಳನ್ನು ಹಾಕಿ ಎಳೆಯಿರಿ. ಹಿಡಿಗೆ ಬಿಗಿಯಾಗಿ ಕೂರುತ್ತದೆ. ಎರಡೂ ತುದಿ ಸೇರಿಸಿ ಕೊನೆಯಲ್ಲಿ ಒಂದು ಸಾದಾ ಗಂಟು ಹಾಕಿ. ಉಳಿದದ್ದನ್ನು ಕತ್ತರಿಸಿ, ತುದಿಗೆ ಲೈಟರ್ ಹಿಡಿದು ಕರಗಿಸಿ. ಬೆರಳಿನಿಂದ ಒತ್ತಬೇಡಿ, ಲೈಟರ್‌ನ ತಣ್ಣಗಿರುವ ಬದಿಯಿಂದ ಒತ್ತಿ. ಗಂಟು ಚಂದ ಕಾಣಬೇಕು ಅನ್ನುವವರು ವಜ್ರದ ಆಕಾರದ ಡೈಮಂಡ್ ಗಂಟು ಹಾಕಬಹುದು. ಅದಕ್ಕೆ ಅರ್ಧ ಮೀಟರ್ ದಾರ ಬೇಕಾಗುತ್ತದೆ. ಮೊದಲ ಸಲ ತಲೆಕೆಡುತ್ತದೆ, ಆಮೇಲೆ ಕೈಗೆ ಅಭ್ಯಾಸವಾಗುತ್ತದೆ.

ಕಟ್ಟಿದ ಮೇಲೆ ಮರೆತುಬಿಡುವ ವಸ್ತು ಅಲ್ಲ ಇದು, ಅದರಲ್ಲೂ ನಮ್ಮ ಮಳೆಗಾಲದಲ್ಲಿ. ನೈಲಾನ್ ಕೊಳೆಯುವುದಿಲ್ಲ, ಆದರೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಚಾಕು ಕಾರ್ಬನ್ ಸ್ಟೀಲ್ ಆಗಿದ್ದರೆ, ದಾರದ ಕೆಳಗೆ, ತೂತಿನ ಒಳಗೆ ಮೊದಲು ತುಕ್ಕು ಶುರುವಾಗುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಟ್ರೆಕ್ ಮುಗಿಸಿ ಬಂದ ದಿನವೇ ದಾರ ಬಿಚ್ಚಿ ಸೋಪು ನೀರಿನಲ್ಲಿ ತೊಳೆದು ಒಣಗಿಸಿ, ತೂತಿನೊಳಗೆ ಬಟ್ಟೆ ತೂರಿಸಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ. ಸಮುದ್ರದ ಹತ್ತಿರ ಬಳಸಿದ್ದರೆ ಮೊದಲು ಸಿಹಿನೀರಿನಲ್ಲಿ ತೊಳೆಯಿರಿ. ತೂತಿನ ಅಂಚು ತಾಗುವ ಜಾಗದಲ್ಲಿ ಕವಚದ ನಾರು ಎದ್ದಿದ್ದರೆ, ಒಳಗಿನ ಬಿಳಿ ಎಳೆ ಇಣುಕಿದ್ದರೆ ಕಿತ್ತು ಹೊಸದು ಹಾಕಿ. ಒಂದು ಮೀಟರ್ ದಾರದಲ್ಲಿ ಇಂಥ ಮೂರು ಬಾಲ ಆಗುತ್ತವೆ.